ಕಾದ ನೀರು, ಮರಳಿದ ನೀರು

ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ಮೊಮ್ಮಗಳಿಗೆ ಲಸಿಕೆ ಹಾಕಿಸೋಕೆ ಸೊಸೆಯ ಜೊತೆ ನಾನೂ ಹೋಗಿದ್ದೆ. ಅಲ್ಲಿನ ಸಿಸ್ಟರ್ ಹುಡುಗಿ ಪೊಟ್ಟಣವನ್ನು ಪರ್ರಂತ ಹರಿದಳು, ಸಿರಿಂಜು ತೆಗೆದಳು, ಚುಚ್ಚಿದಳು, ಡಬ್ಬಕ್ಕೆ ಹಾಕಿದಳು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಈಗಿನ ಸಿರಿಂಜು ಒಂದು ಸಲ ಒತ್ತಿದರೆ ಮುಗಿಯಿತು, ಬೇಕು ಅಂದರೂ ಇನ್ನೊಂದು ಮಗುವಿಗೆ ಚುಚ್ಚೋಕಾಗಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಪೊಟ್ಟಣ ಎಲ್ಲೂ ಬಿಟ್ಕೊಂಡಿರಲಿಲ್ಲ ತಾನೇ? ನೋಡಿದ್ಯೇನಮ್ಮ?" ಅಂದೆ.

"ಆಂಟಿ, ಎಲ್ಲಾ ಸ್ಟೆರೈಲ್ ಆಗೇ ಬರತ್ತೆ, ಟೆನ್ಷನ್ ಮಾಡ್ಕೋಬೇಡಿ" ಅಂದಳು. ಸೊಸೆ ನನ್ನ ಸೆರಗು ಹಿಡಿದು ಎಳೆದಳು. ಮೂವತ್ತೇಳು ವರ್ಷ ಇದೇ ಕೆಲಸ ಮಾಡಿದವಳು ಅಂತ ಹೇಳಿಕೊಳ್ಳಬಹುದಿತ್ತು, ಹೇಳಲಿಲ್ಲ. ಹೇಳಿದರೆ ಆಯಮ್ಮನ ವಿಷಯವನ್ನೂ ಹೇಳಬೇಕಾಗುತ್ತಿತ್ತು.

ನಾನು ಮಂಡ್ಯದ ಕಡೆಯವಳು. ತರಬೇತಿ ಮುಗಿದ ಮೇಲೆ ಹಾಕಿದ್ದು ಶಿಡ್ಲಘಟ್ಟ ತಾಲ್ಲೂಕಿಗೆ, ಮೇಲೂರಿನ ಆಚೆಯ ಒಂದು ಹಳ್ಳಿಗೆ. ಊರಿನ ಹೆಸರು ಬೇಡ. ಅಲ್ಲಿ ಒಂದು ಕೋಣೆಯ ಉಪಕೇಂದ್ರ. ಒಂದು ಮೇಜು, ಒಂದು ಬೆಂಚು, ಒಂದು ಪಂಪ್ ಸ್ಟೌವು, ಮುಚ್ಚಳವಿರುವ ಒಂದು ಸ್ಟೀಲ್ ಪೆಟ್ಟಿಗೆ. ನನ್ನ ಕೆಲಸದ ಜೀವವೆಲ್ಲ ಆ ಪೆಟ್ಟಿಗೆಯೊಳಗಿತ್ತು. ಗಾಜಿನ ಸಿರಿಂಜು ಆರು, ಸೂಜಿ ಎರಡು ಡಜನ್. ಆಗಿನ ಪದ್ಧತಿಯಲ್ಲಿ ಮಗುವಿಗೊಂದು ಸೂಜಿ ಬದಲಿಸುತ್ತಿದ್ದೆವು, ಸಿರಿಂಜು ಅದೇ. ಸಿರಿಂಜಿನ ಕೊಳವೆಗೂ ಒಳಗಿನ ಹಿಡಿಗೂ ಒಂದೇ ನಂಬರು ಕೊರೆದಿರುತ್ತಿತ್ತು. ಮೂರರ ಹಿಡಿಯನ್ನು ಐದರ ಕೊಳವೆಗೆ ಹಾಕಿದರೆ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ಔಷಧಿ ಹಿಂದಕ್ಕೆ ಸೋರುತ್ತಿತ್ತು. ಸೂಜಿಯನ್ನು ಹತ್ತಿಯ ಮೇಲೆ ಎಳೆದು ನೋಡುತ್ತಿದ್ದೆ. ಎಳೆ ಸಿಕ್ಕಿಕೊಂಡರೆ ಮೊನೆ ಬಾಗಿದೆ ಅಂತ ಲೆಕ್ಕ, ಸಾಣೆಕಲ್ಲಿನ ಮೇಲೆ ಉಜ್ಜಬೇಕು. ಮಗು ಕಿರುಚಿದರೆ ಸೂಜಿಯದ್ದಲ್ಲ, ನನ್ನ ಸೋಮಾರಿತನದ್ದು ತಪ್ಪು ಅಂತ ತರಬೇತಿಯಲ್ಲಿ ತಲೆಗೆ ತುಂಬಿದ್ದರು.

ಎಲ್ಲವನ್ನೂ ಬಿಚ್ಚಿ, ಗಾಜು ಗಾಜಿಗೆ ತಾಕದಂತೆ ತೆಳು ಬಟ್ಟೆ ಸುತ್ತಿ, ತಣ್ಣೀರಿನಲ್ಲಿಟ್ಟು, ಆಮೇಲೆ ಸ್ಟೌವು ಹಚ್ಚಬೇಕು. ಬಿಸಿನೀರಿಗೆ ಹಾಕಿದರೆ ಗಾಜು ಟಪ್ಪಂತ ಒಡೆಯುತ್ತೆ. ನೀರು ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ ಇಪ್ಪತ್ತು ನಿಮಿಷ. ಅದಕ್ಕಿಂತ ಮುಂಚಿನದ್ದು ಲೆಕ್ಕಕ್ಕಿಲ್ಲ. ಈ ಸೀಮೆಯ ಬೋರ್‌ವೆಲ್ ನೀರೋ, ಕೇಳಬೇಡಿ! ನಾಲ್ಕು ಸಲ ಕುದಿಸಿದರೆ ಸಿರಿಂಜಿನ ಮೈಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೆಗೆಯೋಕೆ ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ, ನಮ್ಮ ಆಯಮ್ಮ.

ಆಯಮ್ಮ ಅಂದರೆ ಆಯಾ ಕೆಲಸದ ಅಮ್ಮ. ಈ ಕಡೆಯ ಮಾತಿನಲ್ಲಿ 'ಆ ಅಮ್ಮ' ಅಂತಲೂ ಆಗುತ್ತೆ. ಹೀಗಾಗಿ ಅವಳ ಹೆಸರು ಯಾರಿಗೂ ಬೇಕಾಗಲಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವಳು, ಗಂಡ ಇಲ್ಲ, ದಿನಗೂಲಿ ಕೆಲಸ. ಮನೆಮಾತು ತೆಲುಗು. ಕನ್ನಡ ಬರುತ್ತಿತ್ತು, ಆದರೆ ಅವಸರಕ್ಕೆ ಬಾಯಿಗೆ ಬರುತ್ತಿದ್ದುದು ತೆಲುಗೇ. ನನಗೂ ಆರು ತಿಂಗಳಿಗೆ ತೆಲುಗು ಅರ್ಥವಾಗುತ್ತಿತ್ತು, ಅಥವಾ ಅರ್ಥವಾಗುತ್ತೆ ಅಂತ ನಾನು ಜಂಬ ಪಡುತ್ತಿದ್ದೆ.

ಅವತ್ತು ಲಸಿಕೆಯ ದಿನ. ನಾನು ಶಿಡ್ಲಘಟ್ಟದಿಂದ ಲಸಿಕೆಯ ಐಸ್ ಡಬ್ಬ ಹಿಡಿದುಕೊಂಡು ಬರಬೇಕು, ಬಸ್ಸು ಕೈಕೊಟ್ಟಿತು. ಹೋಗುವಷ್ಟರಲ್ಲಿ ಹದಿನಾಲ್ಕು ತಾಯಂದಿರು ಬಾಗಿಲಲ್ಲಿ. ಐಸು ಕರಗುತ್ತಾ ಇದೆ, ಮಕ್ಕಳು ಅಳುತ್ತಾ ಇದ್ದಾವೆ. ಆಯಮ್ಮ ನನಗಿಂತ ಮುಂಚೆ ಬಂದು ಪೆಟ್ಟಿಗೆಯನ್ನು ಸ್ಟೌವಿನ ಮೇಲೆ ಇಟ್ಟಿದ್ದಳು. ನಾನು ಚಪ್ಪಲಿ ಬಿಡುತ್ತಲೇ ಕೇಳಿದೆ: "ನೀರು ಕಾದಿದೆಯೇನಮ್ಮ?"

"ಕಾಗಿನಾಯಮ್ಮ, ಬಾಗಾ ಕಾಗಿನಾಯಿ" ಅಂದಳು. ಕಾದಿದೆ, ಚೆನ್ನಾಗಿ ಕಾದಿದೆ.

ನಮ್ಮಮ್ಮನ ಮನೆಯಲ್ಲಿ ಹಾಲು ಕಾದಿದೆ ಅಂದರೆ ಉಕ್ಕಿ ಬಂದಿದೆ ಅಂತಲೇ ಅರ್ಥ. ನಾನು ಆ ಅರ್ಥದಲ್ಲೇ ಕೇಳಿದೆ, ಆ ಅರ್ಥದಲ್ಲೇ ಕೇಳಿಸಿಕೊಂಡೆ. ಮುಚ್ಚಳ ತೆಗೆದಾಗ ಹಬೆ ಬಂತು. ಚಿಮ್ಮಟದಲ್ಲಿ ಎತ್ತಿ ಸಿರಿಂಜು ಜೋಡಿಸಿದೆ. ಕುದಿದ ಗಾಜನ್ನು ಆರಲು ಬಿಡದೆ ಹಿಡಿಯೋಕಾಗಲ್ಲ, ಬೆರಳು ಚುರ್ ಅನ್ನುತ್ತೆ. ಅವತ್ತು ಸುಡಲಿಲ್ಲ. ನನಗೆ ಗೊತ್ತಾಗೋಕೆ ಅಷ್ಟು ಸಾಕಿತ್ತು. ಕೈಗಡಿಯಾರವೂ ಕೈಯಲ್ಲೇ ಇತ್ತು, ನೋಡಲಿಲ್ಲ. ಸಾಲು ಬೇಗ ಕರಗಲಿ ಅನ್ನೋದೊಂದೇ ತಲೆಯಲ್ಲಿ.

ಹದಿನಾಲ್ಕರಲ್ಲಿ ಹದಿಮೂರು ಮಕ್ಕಳಿಗೆ ಏನೂ ಆಗಲಿಲ್ಲ. ಒಂದು ಹೆಣ್ಣುಮಗುವಿನ ತೊಡೆ ವಾರದೊಳಗೆ ಊದಿ, ಕೆಂಪಾಗಿ, ಕೀವು ತುಂಬಿತು. ಅದರ ತಾಯಿ ರೇಷ್ಮೆ ನೂಲು ಬಿಚ್ಚುವವಳು. ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು, ನಮ್ಮ ಉಪಕೇಂದ್ರವನ್ನು ನೋಡಿಕೊಳ್ಳುವ ಡಾಕ್ಟರಿದ್ದ ದೊಡ್ಡ ಆಸ್ಪತ್ರೆಗೆ ನಡೆದು ಬಂದಿದ್ದಳು. ನನ್ನನ್ನೂ ಕರೆಸಿದ್ದರು. ಡಾಕ್ಟರು ಕೊಯ್ದು ಕೀವು ತೆಗೆದರು. ನಾನು ಮಗುವಿನ ಕಾಲು ಹಿಡಿದುಕೊಂಡಿದ್ದೆ. ಆ ಅಳು ಈಗಲೂ ಕಿವಿಯಲ್ಲಿದೆ. ಗಾಯ ಮಾಯಿತು, ಆದರೆ ತೊಡೆಯಲ್ಲಿ ಹುಣಸೆಬೀಜ ಕೂರುವಷ್ಟು ತಗ್ಗು ಉಳಿಯಿತು.

ಮಗುವನ್ನು ಕಳಿಸಿದ ಮೇಲೆ ಡಾಕ್ಟರು ಕೇಳಿದರು: "ಅವತ್ತು ಸಿರಿಂಜು ಯಾರು ಕುದಿಸಿದ್ದು?"

"ಆಯಾ, ಸಾರ್" ಅಂದೆ.

ಎರಡೇ ಎರಡು ಮಾತು. ಸುಳ್ಳೂ ಅಲ್ಲ. ಸ್ಟೌವು ಹಚ್ಚಿದ್ದು ಅವಳೇ. ಕುದಿಯೋದನ್ನು ನೋಡಬೇಕಾದವಳು ನಾನು ಅನ್ನೋ ಮಾತು ಗಂಟಲವರೆಗೆ ಬಂತು, ಅಲ್ಲೇ ನುಂಗಿಕೊಂಡೆ. ನನ್ನದಿನ್ನೂ ಕಾಯಂ ಆಗದ ಕೆಲಸ. ಸೋಮವಾರದಿಂದ ಬರಬೇಡ ಅಂತ ಆಯಮ್ಮನಿಗೆ ಹೇಳಿದರು. ಅವಳು ಜಗಳ ಆಡಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು, ನನ್ನ ಮುಖ ನೋಡಿ, "ನೀನು ಕೇಳಿದ್ದಕ್ಕೆ ನಾನು ಹೇಳ್ದೆನಮ್ಮ" ಅಂದು ಹೋದಳು. ಏನು ಕೇಳಿದ್ದೆ, ಏನು ಹೇಳಿದಳು ಅಂತ ನಾನು ಯೋಚನೆ ಮಾಡೋಕೂ ಹೋಗಲಿಲ್ಲ. ತಪ್ಪಿಸಿಕೊಂಡೆನಲ್ಲ ಅಂತ ಒಳಗೊಳಗೇ ಸಮಾಧಾನ ಆಗಿತ್ತು. ನಾಚಿಕೆಗೇಡು, ಆದರೆ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಮುಂದಿನ ತಿಂಗಳ ಲಸಿಕೆಗೆ ನಾನೇ ಬೆಳಗ್ಗೆ ಬೇಗ ಬಂದು, ನಾನೇ ನೀರಿಟ್ಟು, ನಿಮಿಷ ಎಣಿಸಿ ಕುದಿಸಿದೆ. ಹೆಚ್ಚು ಜನ ಬರಲ್ಲ ಅಂದುಕೊಂಡಿದ್ದೆ. ಏಳು ತಾಯಂದಿರು ಬಂದರು. ಎಲ್ಲರಿಗಿಂತ ಮುಂದೆ ಕೂತವಳು ಆ ನೂಲು ಬಿಚ್ಚುವ ತಾಯಿ! ಎರಡನೇ ಡೋಸಿಗೆ ಅದೇ ಮಗುವನ್ನು ತಂದಿದ್ದಳು. ನನ್ನನ್ನು ಬೈಯೋಕೆ ಬಂದಿದ್ದಾಳೆ ಅಂತ ತಲೆ ತಗ್ಗಿಸಿಕೊಂಡು ಸೂಜಿ ಜೋಡಿಸುತ್ತಿದ್ದೆ.

"ಆಯಮ್ಮ ಎಲ್ಲಿ?" ಅಂದಳು.

"ತೆಗೆದುಬಿಟ್ರು."

"ಯಾಕಂತೆ?"

"ನೀರು ಸರಿಯಾಗಿ ಕುದಿಸಿರಲಿಲ್ಲ, ಅದಕ್ಕೆ."

ಅವಳು ಮಗುವಿನ ಫ್ರಾಕು ಕೆಳಗೆಳೆದು ತೊಡೆ ಮುಚ್ಚಿದಳು. "ನಾನು ಅವತ್ತು ಇದೇ ಬೆಂಚ್ ಮೇಲೆ ಕೂತಿದ್ದೆ ಸಿಸ್ಟರಮ್ಮ. ನೀವು ಕಾದಿದೆಯಾ ಅಂದ್ರಿ. ಅವಳು ಕಾದಿದೆ ಅಂದ್ಲು. ಕೊತಕೊತ ಮರಳಿದೆಯಾ ಅಂತ ನೀವೆಲ್ಲಿ ಕೇಳಿದ್ರಿ? ನಮ್ಮಲ್ಲಿ ರೇಷ್ಮೆಗೂಡು ಬೇಯಿಸೋಕೆ ನೀರು ಮರಳಬೇಕು, ಎಳೆ ತೆಗೆಯೋಕೆ ಕಾದಿದ್ರೆ ಸಾಕು. ಒಂದರ ಬದಲು ಇನ್ನೊಂದು ಹೇಳಿದ್ರೆ ಇಡೀ ದಿನದ ಗೂಡು ಹಾಳು. ಅಕ್ಷರ ಬರದ ನನಗೇ ಗೊತ್ತು, ಓದಿದ ನಿಮಗೆ ಗೊತ್ತಿಲ್ವಾ?"

ಉಳಿದ ಆರು ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಸಿಟ್ಟೂ ಬಂತು.

"ಆಯಮ್ಮ ವಾಪಸ್ ಬರಲಿ. ಅವಳು ನೀರಿಡಲಿ, ನೀವು ನೋಡಿ. ಆಗ ನನ್ನ ಮಗೂಗೆ ಸೂಜಿ ಹಾಕ್ಸ್ತೀನಿ. ಬಡವಳು ಸಿಕ್ಕಿದಳು ಅಂತ ಅವಳ ತಲೆಗೆ ಕಟ್ಟೋದಾದ್ರೆ ನಮಗೆ ನಿಮ್ಮ ಸೂಜೀನೇ ಬೇಡ" ಅಂದು ಎದ್ದಳು. ಅವಳ ಹಿಂದೆ ಇನ್ನೂ ನಾಲ್ಕು ಜನ ಎದ್ದರು. ಕುದಿಸಿಟ್ಟ ಆರು ಸಿರಿಂಜಿನಲ್ಲಿ ಅವತ್ತು ಬಳಸಿದ್ದು ಎರಡು.

ಸಂಜೆ ಆಯಮ್ಮನ ಮನೆ ಹುಡುಕಿಕೊಂಡು ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆಲ್ಲ ಬಾಗಿಲಲ್ಲಿ ಮರೆತುಹೋಯಿತು. ಅವಳು ಟೊಮೆಟೊ ಬಿಡಿಸುವ ಕೂಲಿಯಿಂದ ಆಗಷ್ಟೇ ಬಂದಿದ್ದಳು. ನನ್ನನ್ನು ನೋಡಿ ಗಾಬರಿಯೂ ಇಲ್ಲ, ಖುಷಿಯೂ ಇಲ್ಲ. ಒಲೆಯ ಮೇಲಿದ್ದ ಹಂಡೆ ತೋರಿಸಿ, "ಕಾಳ್ಳು ಕಡುಕ್ಕೋಮ್ಮಾ, ನೀಳ್ಳು ಕಾಗಿನಾಯಿ" ಅಂದಳು. ಕಾಲು ತೊಳ್ಕೋ, ನೀರು ಕಾದಿದೆ.

ಚೊಂಬು ಅದ್ದಿದೆ. ಕೈಯೂ ಅದ್ದಿಟ್ಟೆ. ಹಿತವಾದ ಬಿಸಿ, ಎಷ್ಟು ಹೊತ್ತು ಬೇಕಾದರೂ ಕೈ ಇಟ್ಟುಕೊಳ್ಳಬಹುದಾದ ನೀರು.

"ಆಯಮ್ಮ, ಕುದಿದ ನೀರಿಗೆ ಏನಂತೀರಿ?" ಅಂತ ಕೇಳಿದೆ.

"ಮರಿಗಿನಾಯಿ ಅಂತೀವಿ. ಮುದ್ದೆ ಎಸರಿಗೆ. ನೀನು ಅದು ಕೇಳಲೇ ಇಲ್ಲವಲ್ಲಮ್ಮ" ಅಂದಳು.

ತಪ್ಪು ನನ್ನದು ಅಂತ ಆಗಲೇ, ಆ ಬಚ್ಚಲ ಕಲ್ಲಿನ ಮೇಲೆ ನಿಂತೇ ಹೇಳಿಬಿಡಬೇಕಿತ್ತು. ಕಾಲು ತೊಳೆದುಕೊಂಡು, ಕಾಫಿ ಕುಡಿದು ಬಂದೆ. ಮಾರನೆಯ ದಿನ ಡಾಕ್ಟರ ಹತ್ತಿರ ಹೋಗಿ, "ಆಯಾ ಇಲ್ಲದಿದ್ರೆ ತಾಯಂದಿರು ಬರಲ್ಲ ಅಂತಿದ್ದಾರೆ ಸಾರ್, ವಾಪಸ್ ಕರೀಬೇಕು" ಅಂದೆ. ಅದೂ ಸುಳ್ಳಲ್ಲ. ಆದರೆ ಅರ್ಧವನ್ನು ಈ ಸಲವೂ ನುಂಗಿಕೊಂಡೆ. ಡಾಕ್ಟರು ಗೊಣಗಿದರು, ಕರೆಸಿದರು. ಆಯಮ್ಮ ಬಂದಳು. ನೂಲು ಬಿಚ್ಚುವ ತಾಯಿಯೂ ಮಗುವನ್ನು ತಂದಳು, ಈ ಸಲ ಇನ್ನೊಂದು ತೊಡೆ ಕೊಟ್ಟಳು.

ಆದರೆ ಆಯಮ್ಮ ಮೊದಲಿನ ಆಯಮ್ಮನಾಗಿರಲಿಲ್ಲ. ಹಬ್ಬ, ಮಳೆ, ಮಗಳ ಹೆರಿಗೆ, ಯಾವ ವಿಷಯವಾದರೂ ಮಾತಾಡುತ್ತಿದ್ದಳು. ನೀರಿನ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ. "ಕುದೀತಾ ಆಯಮ್ಮ?" ಅಂದರೆ ಉತ್ತರ ಇಲ್ಲ. ಎದ್ದು ಬಂದು, ಬಟ್ಟೆಯಲ್ಲಿ ಹಿಡಿದು ಮುಚ್ಚಳ ಎತ್ತುತ್ತಿದ್ದಳು. ನಾನು ಬಗ್ಗಿ ನೋಡಬೇಕು. ತಳಮಳ ಕುದಿಯುವ ನೀರು, ಒಂದಕ್ಕೊಂದು ತಾಕಿ ಟಿಣ್ ಟಿಣ್ ಅನ್ನುವ ಸೂಜಿಗಳು. ನೋಡಿದೆ ಅಂತ ತಲೆ ಆಡಿಸಿದ ಮೇಲೆಯೇ ಮುಚ್ಚಳ ಕೆಳಗೆ. ಹನ್ನೊಂದು ವರ್ಷ ಹೀಗೇ ನಡೆಯಿತು. ಇದು ಸಿಟ್ಟೋ ಶಿಸ್ತೋ ನಾನು ಕೇಳಲಿಲ್ಲ, ಕೇಳೋಕೆ ನನಗೆ ಮುಖ ಇರಲಿಲ್ಲ.

ಆಮೇಲೆ ಒಂದು ಲಸಿಕೆಯ ದಿನ, ತಾಯಂದಿರು ಬಾಗಿಲ ಹೊರಗೆ ಸೇರುವ ಹೊತ್ತಿಗೆ ಪೊಟ್ಟಣಗಳು ಬಂದವು. ಒಂದು ಕಡೆ ಕಾಗದ, ಒಂದು ಕಡೆ ಪ್ಲಾಸ್ಟಿಕ್, ಒಳಗೆ ಒಂದೇ ಸಲ ಬಳಸುವ ಸಿರಿಂಜು. ಡಾಕ್ಟರು ಅಷ್ಟರಲ್ಲಿ ಬದಲಾಗಿದ್ದರು. ಹೊಸಬರು ರಟ್ಟಿನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ಇನ್ನು ಸ್ಟೌವು ಬೇಕಾಗಿಲ್ಲ" ಅಂದು ಹೊರಗೆ ಜೀಪಿನ ಹತ್ತಿರ ಹೋದರು.

ಆಯಮ್ಮ ಒಂದು ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಇದನ್ನ ಎಷ್ಟೊತ್ತು ಕುದಿಸ್ಬೇಕು?" ಅಂದಳು.

"ಕುದಿಸೋದೇ ಬೇಡ ಆಯಮ್ಮ. ಹರಿದು ಹಾಗೇ ಬಳಸೋದು."

ಅವಳು ಪೊಟ್ಟಣವನ್ನು ಹುಷಾರಾಗಿ ಪೆಟ್ಟಿಗೆಯೊಳಗೆ ವಾಪಸ್ ಇಟ್ಟಳು. "ಹಂಗಾದ್ರೆ ನಾನು?" ಅಂದಳು.

ಡಾಕ್ಟರು ಬಾಗಿಲಿಗೆ ವಾಪಸ್ ಬಂದು, ಅದನ್ನೇ ಬೇರೆ ರೀತಿ ಕೇಳಿದರು: "ನೀರು ಕಾಸೋ ಕೆಲಸ ಇಲ್ಲವಲ್ಲ ಸಿಸ್ಟರ್, ಲಸಿಕೆ ದಿನಕ್ಕೆ ಆಯಾ ಬೇಕಾ?"

"ಬೇಕು ಸಾರ್" ಅಂದೆ.

"ಯಾಕೆ?"

"ಮಕ್ಕಳ ಕಾಲು ಹಿಡಿಯೋಕೆ. ಪೊಟ್ಟಣ ಹರಿದಿದೆಯಾ ಅಂತ ನೋಡೋಕೆ. ನಾನು ಅವಸರದವಳು ಸಾರ್, ಹಿಂದೆ ಒಂದು ಸಲ ನೋಡದೆ ಒಂದು ಮಗುವಿನ ತೊಡೆ ಹಾಳು ಮಾಡಿದ್ದೀನಿ. ಅದಕ್ಕೆ ಇವಳನ್ನ ಕೆಲಸದಿಂದ ತೆಗೆದಿದ್ರು" ಅಂದುಬಿಟ್ಟೆ. ಅವರಿಗೆ ಹಿಂದುಮುಂದು ಗೊತ್ತಿಲ್ಲ. ವಿಚಿತ್ರವಾಗಿ ನನ್ನನ್ನು ನೋಡಿ, "ಸರಿ, ಇರಲಿ ಬಿಡಿ" ಅಂದು ಹೋದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಆಯಮ್ಮನ ಕಡೆ ತಿರುಗಿದೆ. "ಅವತ್ತು ತಪ್ಪು ನಂದು ಆಯಮ್ಮ. ಕಣ್ಣಾರೆ ನೋಡಬೇಕಾಗಿದ್ದವಳು ನಾನು" ಅಂದೆ.

"ತೆಲುಸು" ಅಂದಳು. ಗೊತ್ತು.

ಆಮೇಲೆ ಸ್ಟೌವಿನ ಮೇಲಿದ್ದ ಸ್ಟೀಲ್ ಪೆಟ್ಟಿಗೆಯನ್ನು ಇಳಿಸಿ, ಅದರಲ್ಲಿದ್ದ ನೀರನ್ನು ಹೊರಗೆ ಚೆಲ್ಲಿ ಬಂದು, ಮೊದಲನೆಯ ತಾಯಿಯನ್ನು ಒಳಗೆ ಕರೆದಳು.