ಅಳಿಯನ ಎದೆ, ಅತ್ತೆಯ ಕಿಡ್ನಿ

ಮೂಲೆಯ ಕಟಿಂಗ್ ಶಾಪಿನವನನ್ನು ಬೀದಿಯ ಮಕ್ಕಳೆಲ್ಲ ಕತ್ತರಿಮಾಮ ಎನ್ನುತ್ತಿದ್ದರು. ಅವನ ಕೈಗೆ ತಲೆ ಕೊಟ್ಟವರಿಗೆ ಕಥೆ ಪುಕ್ಕಟೆ. ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಮೇಲೆ ಬದುಕಿದ್ದ ವರ್ಷಗಳಲ್ಲೂ ಅವನ ಬಾಯಿಗೆ ಬೀಗ ಬಿದ್ದಿರಲಿಲ್ಲ. ಆದರೆ ಹೆಂಡತಿಯ ತಾಯಿ ಬಂದು, "ನಂದೊಂದು ತಗೋ, ನನಗೆ ಒಂದು ಸಾಕು" ಅಂದಾಗ ಹೇಳುತ್ತಿದ್ದ ಕಥೆ ಅರ್ಧಕ್ಕೇ ಬಿಟ್ಟು ಕತ್ತರಿ ಕೆಳಗಿಟ್ಟ. ಮದುವೆಯಾದಾಗಿನಿಂದ ಅತ್ತೆ ಅಳಿಯನದು ಎಣ್ಣೆ ಸೀಗೆಕಾಯಿ ಸಂಬಂಧ. ಅಂಥವಳು ಕೊಟ್ಟಳು.

ಕಿಡ್ನಿ ಹೊಂದಿಕೊಂಡಿತು. ಅಳಿಯನ ಮುಖಕ್ಕೆ ಕಳೆ ಬಂತು. ಡಾಕ್ಟರು ಹೇಳಿದ ಅಳತೆಯಂತೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದವನು ಚೊಂಬುಗಟ್ಟಲೆ ಕುಡಿದು ತೇಗಿದ. ಪಕ್ಕದ ಬೀದಿಯಲ್ಲಿದ್ದ ಅತ್ತೆ ದಿನಾ ಬಂದು ಬಾಗಿಲಲ್ಲೇ ನಿಂತು, "ನನ್ನ ಕಿಡ್ನಿ ಹೇಗಿದೆ?" ಅನ್ನುತ್ತಿದ್ದಳು.

"ಥೇಟ್ ನಿಮ್ಮ ಹಾಗೇ ಅತ್ತೆ. ಒಂದು ಗಳಿಗೆ ಸುಮ್ಮನಿರಲ್ಲ."

ಆ ವರ್ಷದ ತಪಾಸಣೆಯಲ್ಲಿ ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದರು. "ಕಿಡ್ನಿ ಚೆನ್ನಾಗಿದೆ. ನನಗೆ ಯೋಚನೆ ನಿಮ್ಮ ಹೃದಯದ್ದು."

"ಎದೆನೋವೇ ಇಲ್ವಲ್ಲ ಡಾಕ್ಟ್ರೇ. ಕಂಪ್ಯೂಟರ್ ಕಣಿ ಹೇಳೋಕೆ ಶುರು ಮಾಡ್ತಾ?"

"ಕಣಿ ಅಲ್ಲ. ನಿಮ್ಮ ಹಾಗೆ ಕಿಡ್ನಿ ಹಾಕಿಸಿಕೊಂಡ ಸಾವಿರಾರು ಜನರ ರಕ್ತಪರೀಕ್ಷೆ, ಬಿಪಿ, ಇಸಿಜಿ, ಆಮೇಲೆ ಯಾರಿಗೆ ಹೃದಯದ ತೊಂದರೆ ಬಂತು, ಎಲ್ಲ ನೋಡಿ ನೋಡಿ ಇದು ಕಲಿತಿದೆ. ನಮ್ಮ ಹಳೇ ಲೆಕ್ಕದಲ್ಲಿ ನೀವು ಪಾಸ್. ಇದು ಮಾತ್ರ ಇವರನ್ನು ಮೊದಲು ನೋಡಿ ಅನ್ನುತ್ತಿದೆ. ತಪ್ಪೂ ಇರಬಹುದು. ಪರೀಕ್ಷೆ ಮಾಡಿದರೆ ತಾನೇ ಗೊತ್ತಾಗೋದು?"

ಆಯ್ತು ಅಂತ ತಲೆಯಾಡಿಸಿ ಬಂದವನು ಪರೀಕ್ಷೆಗೆ ಹೋಗಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಕಂಪ್ಯೂಟರ್ ಕಣಿ ಹೇಳುವುದನ್ನು ಅಭಿನಯಿಸಿ ತೋರಿಸಿದ. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಎಂದಿನಂತೆ ಬಂದು ಬಾಗಿಲಲ್ಲಿ ನಿಂತಿದ್ದ ಅತ್ತೆ ನಗಲಿಲ್ಲ.

"ನಿನ್ನ ಗುಂಡಿಗೆ ನಿಂತರೆ ನನ್ನ ಕಿಡ್ನಿ ಯಾರ ಮನೆ ಬಾಗಿಲಿಗೆ ಹೋಗಬೇಕು? ಕೈ ತೊಳ್ಕೊ. ಚಪ್ಪಲಿ ಹಾಕ್ಕೊ."

ಪರೀಕ್ಷೆಯಲ್ಲಿ ನಿಜ ಹೊರಬಿತ್ತು. ಹೃದಯದ ಮುಖ್ಯ ರಕ್ತನಾಳವೊಂದು ಸದ್ದಿಲ್ಲದೆ ಕಿರಿದಾಗುತ್ತಾ ಬಂದಿತ್ತು. ಸ್ಟೆಂಟ್ ಹಾಕಲೇಬೇಕು ಎಂದರು. ಗಾಲಿಮಂಚದ ಮೇಲೆ ಮಲಗಿದ ಕತ್ತರಿಮಾಮನ ಕೈ ತಣ್ಣಗಾಯಿತು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅತ್ತೆ ಅವನ ಕೈ ತನ್ನ ಎರಡೂ ಅಂಗೈ ನಡುವೆ ಇಟ್ಟುಕೊಂಡು ತಿಕ್ಕಿದಳು.

"ಹೆದರಬೇಡ. ನೀನು ಹೋದರೆ ನಾನು ಯಾರ ಜೊತೆ ಜಗಳ ಆಡಲಿ?"

ಅವನು ನಗುತ್ತಲೇ ಒಳಗೆ ಹೋದ. ಹೊರಗೆ ಬಂದಾಗ ಡಾಕ್ಟರಮ್ಮನ ಮುಖವೂ ಅರಳಿತ್ತು. "ನೋವು ಕೊಡದೆ ಬರೋ ಕಾಯಿಲೆ ಇದು. ಸರಿಯಾದ ಹೊತ್ತಿಗೆ ಸಿಕ್ಕಿತು" ಎಂದರು. ಅವನ ಕಿವಿಗೆ ಬಿದ್ದದ್ದು ಅಷ್ಟೇ. ಉಳಿದ ಮಾತ್ರೆ, ಉಪ್ಪು, ನಡಿಗೆಯ ಉಪದೇಶವನ್ನೆಲ್ಲ ಅತ್ತೆ ಕಂಠಪಾಠ ಮಾಡಿಕೊಂಡಳು.

ಮರುವಾರದಿಂದ ಬೆಳಗ್ಗೆ ಪಾರ್ಕಿನಲ್ಲಿ ಇಬ್ಬರ ಸವಾರಿ. ಅತ್ತೆ ಮುಂದೆ, ಅಳಿಯ ಹಿಂದೆ, ಮಾತು ಇಬ್ಬರ ನಡುವೆ. ಒಂದು ದಿನ ಬಿಸಿಲೇರಿತ್ತು. ನಡಿಗೆ ಮುಗಿಸಿದ ಅತ್ತೆ ಮನೆಗೆ ಹೋಗದೆ ನೇರ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು, ಸೊಂಟದವರೆಗಿನ ಜಡೆ ಬಿಚ್ಚಿದಳು.

"ಕುತ್ತಿಗೆವರೆಗೆ ಕತ್ತರಿಸು. ನಡೆಯುವಾಗ ಬೆವರುತ್ತೆ."

ಕ್ಷೌರಕ್ಕೆ ಕಾದಿದ್ದವರು ಪೇಪರ್ ಮಡಚಿಟ್ಟು ನೋಡಿದರು. ಕತ್ತರಿಮಾಮ ಹೊಸ ಬಟ್ಟೆ ಹೊದಿಸಿ, ತುಂಬಾ ಹೊತ್ತು ತಗೊಂಡು, ಜೀವಮಾನದ ಚಂದದ ಕಟಿಂಗ್ ಮಾಡಿದ. ಅತ್ತೆ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿ, ಎಡಗಡೆ ಒಂದು ಎಳೆ ಉದ್ದವಾಯಿತು ಎಂದಳು. ಅಲ್ಲಿಂದ ಜಗಳ ಮಧ್ಯಾಹ್ನದವರೆಗೆ ನಡೆಯಿತು.