ಕೊಡದ ಬಾಯಿಯ ಅರಿವೆ

ಗಡಿಯೂರು ಉದಗೀರದ ನಮ್ಮ ಮನೆಯ ನೀರಿನ ಕೊಡದ ಬಾಯಿಗೆ ಸದಾ ಹಳೆಯ ಧೋತರದ ತುಂಡೊಂದು ಕಟ್ಟಿರುತ್ತದೆ. ಮೂಲತಃ ಶ್ವೇತವಾಗಿದ್ದ ಅದರ ವರ್ಣದ ಕುರಿತು ಈಗ ಪಂಡಿತರಲ್ಲೂ ಒಮ್ಮತ ಮೂಡಲಾರದು. ಬರಗಾಲದ ವರ್ಷಗಳಲ್ಲಿ ನೀರು ಒಂದು ದಿನ ಟ್ಯಾಂಕರಿನದು, ಮರುದಿನ ಮಠದ ಬಾವಿಯದು, ಅದರ ಮರುದಿನ ಯಾರ ಪುಣ್ಯದ್ದೋ. ಎಲ್ಲಿಯದೇ ಆಗಲಿ, ಅವ್ವ ಆ ಅರಿವೆಯಲ್ಲಿ ಸೋಸಿಯೇ ಒಳಗೆ ಬಿಡುತ್ತಿದ್ದಳು. ಒಳಗೆ ಬಂದ ಮೇಲೆ ಪೂಜೆಗಾಗಲಿ ಸಾರಿಗಾಗಲಿ ನೀರಿನ ಕುಲಗೋತ್ರವನ್ನು ಯಾರೂ ಕೇಳುತ್ತಿರಲಿಲ್ಲ. ನಾನಾದರೋ ಓದಿದವನು; ಆ ಮಾಸಲು ಚಿಂದಿಯಿಂದ ಕಲಿಯುವುದೇನಿದೆ ಎಂದುಕೊಂಡಿದ್ದೆ.

ಉಮರ್ಗಾದ ಸಣ್ಣ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕಾಯಕ. ಹಳ್ಳಿಯ ನೀರಿನ ಟಾಕಿಗೆ ನಾವೊಂದು ಡಬ್ಬಿ ಕೂರಿಸುತ್ತಿದ್ದೆವು. ನೀರೆಷ್ಟಿದೆಯೆಂದು ಅದು ಕಚೇರಿಗೆ ತಿಳಿಸಬೇಕು, ಖಾಲಿಯಾದ ಊರಿಗೆ ಟ್ಯಾಂಕರ್ ಹೊರಡಬೇಕು. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವವನು ಕಂಪೈಲರ್. ಡಬ್ಬಿಯ ತಳಿ ಬದಲಾದರೆ ಕಂಪೈಲರೂ ಬದಲು, ಅವನ ಸಂಪ್ರದಾಯವೂ ಬದಲು. ‘ಡಬ್ಬಿ ಕಳಿಸುವ ಅಂಕಿಗಳ ನಡುವೆ ಜಾಗ ಬಿಡದೆ ಒತ್ತಿ ಕೂರಿಸಪ್ಪಾ’ ಎಂಬ ಒಂದೇ ಕೋರಿಕೆಯನ್ನು ಒಬ್ಬೊಬ್ಬನಿಗೆ ಒಂದೊಂದು ಬಗೆಯಲ್ಲಿ ಹೇಳಬೇಕು. ಅದಕ್ಕೇ ಮ್ಯಾಕ್ರೋ: ನಾವು ಒಂದು ಅಡ್ಡಹೆಸರು ಬರೆದರೆ, ಆಯಾ ಕಂಪೈಲರಿಗೆ ತಕ್ಕ ಮಾತು ಅಲ್ಲಿ ತಾನಾಗಿ ಬಂದು ಕೂರುತ್ತದೆ. ಇವನ್ನೆಲ್ಲ ಒಂದೆಡೆ ಇಡುವ ಬದಲು ಆ ಭಾರಿ ಪ್ರೋಗ್ರಾಮಿನ ಕಡತಕಡತಗಳಲ್ಲಿ, ನೆನಪಾದಲ್ಲಿ ನೆನಪಾದಂತೆ ಎರಚಿಟ್ಟ ಮಹಾಶಯ ನಾನೇ.

ಒಂದು ಮಧ್ಯಾಹ್ನ ಯೆಣೆಗೂರಿನಿಂದ ಫೋನು ಬಂತು. ಆ ಊರಿನ ಟಾಕಿಯನ್ನು ನೋಡಿಕೊಳ್ಳುವ ಶಾಂತಾಬಾಯಿ.

“ಸಾಹೇಬ್ರ, ಟಾಕಿ ತುಂಬ್ಯದ ಅಂತ ನಿಮ್ಮ ಡಬ್ಬಿ ಹೇಳ್ತದಂತಲ್ರೀ? ನಾಕ್ ದಿನ ಆಯ್ತು, ಟ್ಯಾಂಕರ್ ಬಂದಿಲ್ಲ. ಮನ್ಯಾಗ ಸೊಸಿ ಬಾಣಂತಿ ಅದಾಳ. ಅಷ್ಟ್ ತುಂಬಿದ್ರ ನೀವೇ ಬಂದು ಒಂದ್ ತಂಬಗಿ ಕುಡದು ಹೋಗ್ರೀ!”

ಕಂಪ್ಯೂಟರಿನತ್ತ ತಿರುಗಿದೆ. ಪರದೆಯ ಮೇಲೆ ಯೆಣೆಗೂರಿನ ಟಾಕಿ ತುಂಬಿ ತುಳುಕುತ್ತಿತ್ತು! ಕೂಡಲೇ ಟ್ಯಾಂಕರ್ ಹೊರಡಿಸಿ, ಕಡತಗಳನ್ನು ಜಾಲಾಡಿದೆ. ಆ ಊರಿಗೆ ಹೋದದ್ದು ಹೊಸ ತಳಿಯ ಡಬ್ಬಿ, ಅದರ ಕಂಪೈಲರ್ ಅಪರಿಚಿತ. ಎಲ್ಲೋ ಮೂಲೆಯಲ್ಲಿ ಅಡಗಿದ್ದ ಮ್ಯಾಕ್ರೋ, ಗುರುತಿಲ್ಲದವನು ಬಂದರೆ ಏನೂ ಹೇಳದೆ ಖಾಲಿಯಾಗಿಬಿಡುತ್ತಿತ್ತು. ಅಂಕಿಗಳ ನಡುವೆ ಜಾಗ ಬಿದ್ದು ಅವು ತಮ್ಮ ಸ್ಥಾನದಿಂದ ಸರಿದವು. ಬೇರೆ ಯಾವುದೋ ಅಂಕಿಯನ್ನು ಕಚೇರಿ ನೀರಿನ ಮಟ್ಟವೆಂದು ಓದಿಕೊಂಡಿತು. ಆ ಖಾಲಿ ಸಾಲು ಬರೆದವರ ಹೆಸರು ನೋಡಿದೆ. ಅಯ್ಯೋ ಶಿವನೇ, ನನ್ನದೇ!

ನಮ್ಮ ಗಡಿಯವರ ಜಾಯಮಾನವೇ ಅದು. ನಿಲಂಗಾದ ಬಸ್ಸಿನಲ್ಲಿ ಪಕ್ಕದವನು ಮರಾಠಿಯೋ ಕನ್ನಡವೋ ದಖನಿಯೋ ತಿಳಿಯದಿದ್ದರೆ ನಾವು ಮುಗುಳ್ನಕ್ಕು ತಲೆಯಾಡಿಸುತ್ತೇವೆ. ಜಗಳವಿಲ್ಲ, ಪ್ರಯಾಣ ಸುಖಕರ. ಆ ಸೌಜನ್ಯವನ್ನೇ ನಾನು ಪ್ರೋಗ್ರಾಮಿಗೂ ಕಲಿಸಿದ್ದೆ. ನನ್ನ ಸೌಜನ್ಯಕ್ಕೆ ಬಾಣಂತಿಯೊಬ್ಬಳು ನಾಲ್ಕು ದಿನ ನೀರಿಲ್ಲದೆ ಕಳೆದಿದ್ದಳು.

ಆಗ ನೆನಪಾದದ್ದು ಅವ್ವ. ಒಮ್ಮೆ ಆಕೆ ಅರಿವೆಯನ್ನು ಒಗೆದು ಒಣಹಾಕಿದ್ದಾಗ ನಾನು ಕೊಡಕ್ಕೆ ನೀರು ಸುರಿಯಹೊರಟಿದ್ದೆ. “ಏ ತಮ್ಮಾ, ನಿಂದ್ರು! ಅರಿವಿ ಇಲ್ದ ಹನಿ ನೀರೂ ಒಳಗ ಹೋಗಂಗಿಲ್ಲ!” ಎಂದು ಆಕೆ ಕೂಗಿದ ಕೂಗಿಗೆ ಓಣಿಯೇ ಹೊರಬಂದಿತ್ತು.

ಆ ಸಂಜೆಯೊಳಗೆ ಚದುರಿದ ಮ್ಯಾಕ್ರೋಗಳನ್ನೆಲ್ಲ ಒಂದೇ ಕಡತಕ್ಕೆ ತಂದೆ; ಕಂಪೈಲರುಗಳ ವಿಚಾರಣೆ ಇನ್ನು ಅಲ್ಲಿ ಮಾತ್ರ. ಗುರುತಿಲ್ಲದವನು ಬಂದರೆ ಕೆಲಸವನ್ನೇ ನಿಲ್ಲಿಸಿ ಕೂಗು ಎಂದು ಕೊನೆಯಲ್ಲೊಂದು ಸಾಲು ಸೇರಿಸಿ, ಹೊಸ ಕಂಪೈಲರನ್ನು ಓಡಿಸಿದೆ. ಕೂಗಿತು! ಅವನ ಸಂಪ್ರದಾಯವನ್ನೂ ಬರೆದು ಸೇರಿಸಿದ ಮೇಲೆಯೇ ಮುಂದೆ ಬಿಟ್ಟಿತು.

ಮರುದಿನ ಡಬ್ಬಿ ಸರಿಪಡಿಸಲು ಯೆಣೆಗೂರಿಗೆ ನಾನೇ ಹೋದೆ, ಬೈಗುಳಕ್ಕೆ ಸಿದ್ಧನಾಗಿ. ಶಾಂತಾಬಾಯಿ ಬೈಯಲಿಲ್ಲ. ಕೊಡದ ಬಾಯಿಗೆ ಸೆರಗಿನ ತುಂಡು ಕಟ್ಟಿ, ನೀರು ಸೋಸಿ, ಮೊದಲ ತಂಬಿಗೆಯನ್ನು ಒಳಗೆ ಸೊಸೆಗೆ ಕೊಟ್ಟು ಬಂದಳು. ಎರಡನೆಯದನ್ನು ನನ್ನ ಮುಂದೆ ಹಿಡಿದಳು.

“ಬಿಸಲಾಗ ಬಂದೀರಿ, ಕುಡೀರಿ.”

ಒಂದು ಹನಿಯೂ ಚೆಲ್ಲದೆ ಕುಡಿದೆ. ಉದಗೀರಕ್ಕೆ ಮರಳಿದವನು ನಮ್ಮ ಕೊಡದ ಅರಿವೆಯನ್ನು ಬಿಚ್ಚಿ ನಾನೇ ಒಗೆದೆ. ಅದು ಒಣಗುವವರೆಗೆ ಕೊಡದ ಹತ್ತಿರ ಯಾರನ್ನೂ ಬಿಡಲಿಲ್ಲ, ಅವ್ವನನ್ನೂ.