ಒಂದು ಹೊಗಳಿಕೆಯ ಫೋನು

ಕಳೆದ ವಾರ ನಾಗಸಂದ್ರದಲ್ಲಿ ಮೆಟ್ರೋ ಹತ್ತಿದಾಗ ಬೆನ್ನ ಹಿಂದಿನಿಂದ ಒಂದು ದನಿ ಕೇಳಿತು. ಯಾರೋ ತಮ್ಮ ಜೊತೆಗಿದ್ದ ವಿದ್ಯಾರ್ಥಿನಿಗೆ ಅಮೆರಿಕದವರ ಹಾಗೆ ನಾಲಿಗೆ ಮಡಚಿ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದರು. ಇಷ್ಟು ವರ್ಷವಾದ ಮೇಲೂ ನನ್ನ ಕಿವಿ ಬಿಸಿಯಾಯಿತು ನೋಡಿ.

ಆ ದನಿಯನ್ನು ಮೊದಲು ಕೇಳಿದಾಗ ನಾನು ವೈಟ್‌ಫೀಲ್ಡಿನ ಕಾಲ್ ಸೆಂಟರೊಂದರಲ್ಲಿ ಹೊಸಬಳು. ಲಿಂಗಸುಗೂರಿನ ಶರಣಮ್ಮ ಅಲ್ಲಿ ಶ್ಯಾರನ್ ಆಗಿದ್ದೆ. ಫೋನು ಮಾಡಿದ ಅಮೆರಿಕದವರು ಊರು ಕೇಳಿದರೆ ಅವರದೇ ದೇಶದ ಓಹಾಯೋ ಎನ್ನಬೇಕಿತ್ತು; ನಿಜ ಹೇಳಿದರೆ ಕೆಲಸಕ್ಕೆ ಕುತ್ತು. ನಾನು ಕಂಡ ಓಹಾಯೋ ಲಿಂಗಸುಗೂರಿನ ಬಸ್ ಸ್ಟ್ಯಾಂಡ್ ದಾಟಿರಲಿಲ್ಲ, ಆ ಮಾತು ಬೇರೆ. ಪಕ್ಕದಲ್ಲೇ ಏಳುತ್ತಿದ್ದ ಕಟ್ಟಡಕ್ಕೆ ಅಪ್ಪ, ಅವ್ವ ಇಟ್ಟಿಗೆ ಹೊರುತ್ತಿದ್ದರು; ಮೂವರೂ ಇದ್ದದ್ದು ತಗಡಿನ ಶೆಡ್ಡಿನಲ್ಲಿ. ನನ್ನ ಕೆಲಸ ಕಾಯಂ ಆದರೆ ಕುಂದಲಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿಯುವುದೆಂದು ಮಾತಾಗಿತ್ತು.

ನಮಗೆ ಅಮೆರಿಕವನ್ನು ಕಲಿಸುತ್ತಿದ್ದವರು ಒಬ್ಬ ಸಂಶೋಧನಾ ವಿದ್ಯಾರ್ಥಿ. ಅಮೆರಿಕದ ವಲಸೆ ಚರಿತ್ರೆ ಅವರ ವಿಷಯ; ಹೊಟ್ಟೆಪಾಡಿಗೆ ನಮ್ಮ ಉಚ್ಚಾರಣೆ ತಿದ್ದುತ್ತಿದ್ದರು. ತಿದ್ದುತ್ತ ತಿದ್ದುತ್ತ ಹಡಗಿನಲ್ಲಿ ಬಂದಿಳಿದವರ ಕತೆಗೆ ಜಾರಿಬಿಡುತ್ತಿದ್ದರು. “ಅಲ್ಲಿ ಎಲ್ರೂ ಎಲ್ಲಿಂದಲೋ ಬಂದೋರೇ ಕಣ್ರೀ. ಊರು ಬಿಟ್ಟು ಬಂದಿದ್ದು ನಾಚ್ಕೆ ವಿಷಯ ಅಲ್ಲ,” ಎನ್ನುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ದಡ್ಡಿ ನಾನು, ನಂಬಿದೆ. ಕಿಟಕಿಯಾಚೆ ಇಟ್ಟಿಗೆ ಹೊರುತ್ತಿದ್ದವರು ಯಾವೂರಿನವರೆಂದು ಅವರು ಒಮ್ಮೆಯೂ ಕೇಳಲಿಲ್ಲ.

ಒಂದು ಪಾಳಿಯಲ್ಲಿ ಕ್ರೆಡಿಟ್ ಕಾರ್ಡಿನ ವಿಚಾರಕ್ಕೆ ಫೋನು ಮಾಡಿದ ಅಮೆರಿಕದ ಅಜ್ಜಿಯೊಬ್ಬಳು, ನಿಜವಾಗಿ ನಿನ್ನೂರು ಯಾವುದಮ್ಮ ಎಂದಳು. ಹೇಳಿಬಿಟ್ಟೆ. ಹೆಸರನ್ನೂ ಹೇಳಿದೆ. ಅವಳು ತನ್ನ ತಾಯಿ ಹಡಗಿನಲ್ಲಿ ದಿಂಬೊಂದನ್ನು ಅವುಚಿಕೊಂಡು ಬಂದ ಕತೆ ಹೇಳಿದಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಉಳಿಯುತ್ತಿದ್ದೆ. ಪುಣ್ಯಾತ್ಗಿತ್ತಿ, ಮರುದಿನ ಮ್ಯಾನೇಜರಿಗೇ ಫೋನು ಮಾಡಿ, ಇಂಡಿಯಾದ ಶರಣಮ್ಮ ಎಷ್ಟು ಒಳ್ಳೆಯ ಹುಡುಗಿ ಎಂದು ಬಾಯ್ತುಂಬ ಹೊಗಳಿದಳು.

ಮ್ಯಾನೇಜರ್ ನನ್ನನ್ನೂ ಉಚ್ಚಾರಣೆಯ ಮೇಷ್ಟ್ರನ್ನೂ ಕರೆಸಿದರು. “ಸರೇ ಹೇಳಿದ್ರಲ್ರೀ, ನಾಚ್ಕಿ ವಿಷಯ ಅಲ್ಲ ಅಂತ,” ಎಂದೆ.

ನಮ್ಮ ಮೇಷ್ಟ್ರು ಮೇಜು ನೋಡುತ್ತ ಹೇಳಿದರು: “ನಾನು ಹೇಳಿದ್ದು ಬರೀ ಹಿಸ್ಟರಿ ಸಾರ್. ಈಕೆ ತಪ್ಪು ತಿಳ್ಕೊಂಡಿದ್ದಾಳೆ.”

ಅವರ ಕೆಲಸ ಉಳಿಯಿತು, ನನ್ನದು ಹೋಯಿತು. ಆ ಮಳೆಗಾಲವೂ ಶೆಡ್ಡಿನಲ್ಲೇ ಕಳೆಯಿತು. ಸೋರುವ ತಗಡಿನಡಿ ಅವ್ವ ಒದ್ದೆ ಕೌದಿ ಹಿಂಡುವುದನ್ನು ನೋಡುತ್ತ ಆ ಮನುಷ್ಯನಿಗೆ ಶಾಪ ಹಾಕಿದ್ದೇನೆ, ಸುಳ್ಳೇಕೆ ಹೇಳಲಿ?

ಮೆಟ್ರೋದಲ್ಲಿ ನನ್ನ ಗುರುತು ಹಿಡಿದವರು ಆ ಮೇಷ್ಟ್ರೇ. ಈಗ ಪ್ರೊಫೆಸರಂತೆ. “ಅಯ್ಯೋ, ನೀವು! ನಿಮ್ಮ ವಿಷಯ ಪ್ರತಿ ವರ್ಷ ಕ್ಲಾಸಲ್ಲಿ ಹೇಳ್ತೀನಿ ಗೊತ್ತಾ? ಹೆಸರು ಮಾತ್ರ ಹೇಳಲ್ಲ. ನಿಮಗೆ ತೊಂದ್ರೆ ಆಗ್ಬಾರ್ದಲ್ಲ,” ಎಂದು ನಕ್ಕರು.

“ಹೇಳ್ರಿ ಸರ,” ಎಂದೆ. ನನ್ನ ದನಿ ಇಡೀ ಬೋಗಿಗೆ ಕೇಳಿಸಿತು. “ಹೆಸ್ರೂ ಹೇಳ್ರಿ, ಊರೂ ಹೇಳ್ರಿ. ಮ್ಯಾನೇಜರ್ ಮುಂದ ನೀವೇನಂದ್ರಿ, ಅದನ್ನೂ ಹೇಳ್ರಿ.”

ಪೀಣ್ಯ ಬಂತು. ನಾನು ಇಳಿಯುತ್ತಿದ್ದಾಗ ಆ ವಿದ್ಯಾರ್ಥಿನಿ ಅವರನ್ನು ಕೇಳುತ್ತಿದ್ದಳು: “ಏನಂದಿದ್ರಿ ಸಾರ್?”